ಹಸಿವಿನ ಹಾರ್ಮೋನಿನ ಜೀನ್‌ನಲ್ಲಿ ವ್ಯತ್ಯಾಸ ಇದೆ ಅಂತ ರಿಪೋರ್ಟ್ ಬಂದಿದೆ. ನನ್ನ ಬಿಪಿ 146/92 ಇರೋದಕ್ಕೆ ಅದೇ ಕಾರಣವೇ? ಊಟ ಕಡಿಮೆ ಮಾಡಿದರೆ ಸಾಕೇ?

ಹಸಿವಿನ ಹಾರ್ಮೋನ್ ಆದ ಘ್ರೆಲಿನ್‌ನ ಜೀನ್, 72ನೇ ಸ್ಥಾನ, ಲ್ಯೂಸಿನ್ ಅನ್ನೋ ಅಮೈನೋ ಆಮ್ಲ ಇರಬೇಕಾದಲ್ಲಿ ಮೆಥಿಯೊನಿನ್ ಅನ್ನೋದು: ಇದೇ ಸಾಲು ತಾನೇ? ನನ್ನ ರಿಪೋರ್ಟಿನಲ್ಲೂ ಇತ್ತು. ಅದನ್ನು ನೆಚ್ಚಿಕೊಂಡು ಎಂಟು ತಿಂಗಳು ಬಿಪಿ ಮಾತ್ರೆ ಮುಂದೂಡಿದೆ.

ಜೀನ್‌ನಿಂದ ಹಸಿವು, ಹಸಿವಿನಿಂದ ತೂಕ, ತೂಕದಿಂದ ಬಿಪಿ ಅಂತ ಲೆಕ್ಕ ಹಾಕಿದ್ದೇ ತಪ್ಪು. ಈ ಜೀನ್‌ನಿಂದ ಮೊದಲು ತಯಾರಾಗೋದು 117 ಅಮೈನೋ ಆಮ್ಲಗಳ, ಅಂದರೆ ಪ್ರೋಟೀನಿನ ಕೊಂಡಿಗಳ, ಸರಪಳಿ. ಅದರಲ್ಲಿ 24ರಿಂದ 51ರವರೆಗಿನ 28 ಕೊಂಡಿಗಳಷ್ಟೇ ಕತ್ತರಿಸಿಕೊಂಡು ಘ್ರೆಲಿನ್ ಆಗುತ್ತವೆ. 72 ಇರೋದು ಉಳಿದ ಬಾಲದಲ್ಲಿ! ಅಂದರೆ ಆ ಬದಲಾವಣೆಯಿಂದ ಹಾರ್ಮೋನಿನ ರೂಪವೇ ಬದಲಾಗೋದಿಲ್ಲ. 51ನೇ ಸ್ಥಾನದ ವ್ಯತ್ಯಾಸವಾದರೆ ಕೊನೆಯ ಕೊಂಡಿಯನ್ನು ಮುಟ್ಟುತ್ತದೆ, ಅದು ಬೇರೆ ಮಾತು. ಇನ್ನೂ ವಿಚಿತ್ರ ಅಂದರೆ, ಘ್ರೆಲಿನ್ ಅನ್ನು ರಕ್ತನಾಳಕ್ಕೆ ಕೊಟ್ಟಾಗ ಬಿಪಿ ಏರೋದಿಲ್ಲ, ಸ್ವಲ್ಪ ಇಳಿಯುತ್ತದೆ.

ಬಿಪಿ ಏರಿಸೋ ಗುಣ ಇರೋದು ಲೆಪ್ಟಿನ್‌ಗೆ. ಕೊಬ್ಬಿನ ಕೋಶಗಳಿಂದ ಬರುವ ಇದು ಮೆದುಳಿಗೆ ‘ಸಾಕು’ ಅನ್ನುತ್ತದೆ, ಜೊತೆಗೆ ಮೂತ್ರಪಿಂಡ, ರಕ್ತನಾಳಗಳಿಗೆ ಹೋಗುವ ಅನುವೇದನಾ (ಸಿಂಪಥೆಟಿಕ್) ನರಗಳನ್ನೂ ಚುರುಕುಗೊಳಿಸುತ್ತದೆ. ಆ ಸಂದೇಶವನ್ನು ಮುಂದೆ ಸಾಗಿಸೋದು ಎಂಸಿ4ಆರ್ ಅನ್ನೋ ಗ್ರಾಹಿ, ಅಂದರೆ ಮೆದುಳಿನ ಕೋಶಗಳಲ್ಲಿ ಸಂದೇಶ ಹಿಡಿಯುವ ಪ್ರೋಟೀನ್. ಅದರ ಜೀನ್ ಕೆಟ್ಟವರು ವಿಪರೀತ ದಪ್ಪಗಾಗುತ್ತಾರೆ, ಆದರೆ ಅಷ್ಟೇ ದಪ್ಪದ ಇತರರಿಗಿಂತ ಅವರ ಬಿಪಿ ಕಡಿಮೆ. ನನ್ನ ಲೆಕ್ಕ ಅಲ್ಲೇ ಮುರಿದುಬಿತ್ತು: ಜೀನ್ ಬಿಪಿಯನ್ನು ಮುಟ್ಟೋದಕ್ಕೆ ತಟ್ಟೆಯ ಮೂಲಕವೇ ಹೋಗಬೇಕೆಂದಿಲ್ಲ, ನರಗಳ ಮೂಲಕವೂ ಹೋಗುತ್ತದೆ.

ಇಂಥ ಒಂದೇ ಜೀನ್ ಕೆಟ್ಟ ಪ್ರಕರಣಗಳು ಅಪರೂಪ. 2018ರಲ್ಲಿ 10 ಲಕ್ಷಕ್ಕೂ ಹೆಚ್ಚು ಜನರ ಅಧ್ಯಯನದಲ್ಲಿ ಡಿಎನ್‌ಎಯಲ್ಲಿ ಬಿಪಿಗೆ ಸಂಬಂಧಿಸಿದ 901 ಜಾಗಗಳು ಲೆಕ್ಕಕ್ಕೆ ಸಿಕ್ಕವು. ಬಿಪಿಯ ಅಂಕಿಯಲ್ಲಿ ಒಂದೊಂದರ ಪಾಲು ಸಾಮಾನ್ಯವಾಗಿ 1 ಮಿ.ಮೀ.ಗಿಂತಲೂ ಕಡಿಮೆ. ನಿಮ್ಮ 146ಕ್ಕೆ ಒಂದು ಸಾಲು ಕಾರಣ ಅನ್ನೋದನ್ನು ನಾನು ಒಪ್ಪೋದಿಲ್ಲ.

ಮೊದಲು ಸರಿಯಾಗಿ ಅಳೆಯಿರಿ. ಅರ್ಧ ಗಂಟೆ ಮೊದಲಿಂದ ಕಾಫಿ, ಟೀ, ಸಿಗರೇಟು ಬೇಡ. ಮೂತ್ರಕ್ಕೆ ಹೋಗಿ ಬಂದು, ಬೆನ್ನಿಗೆ ಆಸರೆ ಕೊಟ್ಟು, ಪಾದ ನೆಲಕ್ಕೂರಿ, ಮಾತಾಡದೆ 5 ನಿಮಿಷ ಕೂರಿ. ತೋಳಿಗೆ ಕಟ್ಟುವ ಪಟ್ಟಿ (ಕಫ್) ಹೃದಯದ ಮಟ್ಟದಲ್ಲಿರಲಿ. ದಪ್ಪ ತೋಳಿಗೆ ಚಿಕ್ಕ ಕಫ್ ಕಟ್ಟಿದರೆ ಇಲ್ಲದ ಬಿಪಿ ತೋರಿಸುತ್ತದೆ. ಬೆಳಿಗ್ಗೆ ಎರಡು, ಸಂಜೆ ಎರಡು ಸಲ, 1 ನಿಮಿಷ ಬಿಟ್ಟು, 7 ದಿನ. ಮೊದಲ ದಿನದ್ದು ಬಿಟ್ಟು ಸರಾಸರಿ ತೆಗೆಯಿರಿ. 135/85 ಅಥವಾ ಮೇಲಿದ್ದರೆ ಆ ಹಾಳೆ ಹಿಡಿದು ವೈದ್ಯರ ಹತ್ತಿರ ಹೋಗಿ, ಜೀನ್ ರಿಪೋರ್ಟ್ ಮನೆಯಲ್ಲೇ ಇರಲಿ.

ಊಟ ಕಡಿಮೆ ಮಾಡಬೇಡಿ ಅಂತಲ್ಲ. ಕಿಲೋ ತೂಕ ಇಳಿದರೆ ಬಿಪಿ ಸುಮಾರು 1 ಮಿ.ಮೀ. ಇಳಿಯುತ್ತದೆ. ಆದರೆ ತೂಕ ಇಳಿದಂತೆ ಘ್ರೆಲಿನ್ ಏರುತ್ತದೆ, ಯಾವ ಜೀನ್ ಇದ್ದರೂ ಹಸಿವು ಕಾಡುತ್ತದೆ. ಉಪ್ಪನ್ನು ದಿನಕ್ಕೆ 5 ಗ್ರಾಂ ಒಳಗೆ ತರೋದು ಅದಕ್ಕಿಂತ ಸುಲಭ. ಮಾತ್ರೆ ಶುರುವಾದ ಮೇಲೆ ತೂಕ ಇಳಿದು, ಎದ್ದು ನಿಂತಾಗ ತಲೆ ಸುತ್ತಿದರೆ ನೀವಾಗೇ ಮಾತ್ರೆ ಬಿಡಬೇಡಿ, ಪ್ರಮಾಣ ಇಳಿಸಬೇಕಾ ಅಂತ ವೈದ್ಯರನ್ನೇ ಕೇಳಿ.