ವರ್ಚುವಲ್‌ಬಾಕ್ಸ್ ಡಿಸ್ಕ್ ಫೈಲ್ ಇಲ್ಲ ಎನ್ನುತ್ತಿದೆ. ಹೊಸ ವಿಎಂ ಮಾಡಿ ಹಳೆಯ ವಿಡಿಐ ಸೇರಿಸಿದರೆ ಸಾಕಾ?

ಸಾಲದು. ಒಂದು ಫೋಲ್ಡರ್ ತೆರೆದು ನೋಡುವ ತನಕ ಆ ಕೆಲಸಕ್ಕೆ ಕೈ ಹಾಕಲೇಬೇಡಿ.

ನಿಮ್ಮ ಪ್ರಶ್ನೆಯಿಂದ ನನಗೆ ಅರ್ಥವಾದದ್ದು ಇಷ್ಟು. ವಿಂಡೋಸ್ ಲ್ಯಾಪ್‌ಟಾಪ್, ಅದರಲ್ಲಿ ವರ್ಚುವಲ್‌ಬಾಕ್ಸ್ (ಕಂಪ್ಯೂಟರಿನೊಳಗೆ ಇನ್ನೊಂದು ಕಂಪ್ಯೂಟರ್, ಅಂದರೆ ವಿಎಂ, ಓಡಿಸುವ ತಂತ್ರಾಂಶ), ಅದರೊಳಗೆ ಉಬುಂಟು ಲಿನಕ್ಸ್. ಸಿ ಡ್ರೈವ್ ತುಂಬಿಹೋಯಿತು. ಎಲ್ಲಕ್ಕಿಂತ ದೊಡ್ಡದಾಗಿ ಕಂಡ 38 ಜಿಬಿಯ ವಿಡಿಐ ಫೈಲನ್ನು (ವಿಎಂಗೆ ಹಾರ್ಡ್‌ಡಿಸ್ಕ್ ಆಗಿರುವ ಫೈಲ್ ಅದು) ಮಾತ್ರ ಕಟ್ ಮಾಡಿ ಡಿ ಡ್ರೈವಿಗೆ ಹಾಕಿದಿರಿ. ಈಗ ಸ್ಟಾರ್ಟ್ ಒತ್ತಿದರೆ ‘ಫೈಲ್ ನಾಟ್ ಫೌಂಡ್’ ಎಂಬ ಎರರ್. ಹೊಸ ವಿಎಂ ಮಾಡಿ, ಅದಕ್ಕೆ ಈ ವಿಡಿಐ ತೋರಿಸಿಬಿಡು ಅಂತ ನಿಮ್ಮ ಗೆಳೆಯರು ಹೇಳಿದ್ದಾರೆ.

ಗೆಳೆಯರ ಮಾತು ಪೂರ್ತಿ ತಪ್ಪಲ್ಲ. ಸ್ನ್ಯಾಪ್‌ಶಾಟ್ (ಬೇಕೆಂದಾಗ ವಾಪಸ್ ಬರಲು ವಿಎಂನ ಆ ಕ್ಷಣದ ಸ್ಥಿತಿಯನ್ನು ಉಳಿಸಿಡುವುದು) ಒಂದೂ ತೆಗೆಯದ ವಿಎಂ ಆದರೆ ಅದು ನಡೆಯುತ್ತದೆ. ತೆಗೆದಿದ್ದರೆ ಮಾತ್ರ ಕಥೆ ಬೇರೆ. ಸಿ ಡ್ರೈವಿನಲ್ಲಿ ಆ ವಿಎಂನ ಹಳೆಯ ಫೋಲ್ಡರ್ ಇನ್ನೂ ಇದೆ ಅಲ್ವಾ? ಅದರೊಳಗೆ ‘ಸ್ನ್ಯಾಪ್‌ಶಾಟ್ಸ್’ ಅಂತ ಒಂದು ಫೋಲ್ಡರ್ ಇದೆಯಾ ನೋಡಿ. ಇದ್ದರೆ, ಅದರಲ್ಲಿ ಹೂ ಆವರಣದೊಳಗೆ ಉದ್ದನೆಯ ಅಕ್ಷರ, ಅಂಕಿಗಳ ಹೆಸರಿರುವ ವಿಡಿಐ ಫೈಲ್‌ಗಳು ಇವೆಯಾ ನೋಡಿ. ನೋಡಲು ಕಸದ ಹಾಗೆ ಕಾಣುತ್ತವೆ. ಕಸವಲ್ಲ. ನೀವು ಈಚೆಗೆ ಮಾಡಿದ ಕೆಲಸವೆಲ್ಲ ಇರುವುದು ಅವುಗಳಲ್ಲೇ.

ಕಿರಾಣಿ ಅಂಗಡಿಯ ಲೆಕ್ಕದ ಪುಸ್ತಕ ನೆನಪಿಸಿಕೊಳ್ಳಿ. ಹೊಸ ಪುಟದ ಮೊದಲ ಸಾಲಿನಲ್ಲಿ ‘ಹಿಂದಿನ ಪುಟದ ಬಾಕಿ’ ಅಂತ ಬರೆದು ಲೆಕ್ಕ ಮುಂದುವರಿಸುತ್ತಾರೆ. ಸ್ನ್ಯಾಪ್‌ಶಾಟ್ ತೆಗೆದಾಗ ವರ್ಚುವಲ್‌ಬಾಕ್ಸ್ ಮಾಡುವುದೂ ಹಾಗೆಯೇ. ಮೂಲ ವಿಡಿಐ ಅಲ್ಲಿಗೆ ನಿಲ್ಲುತ್ತದೆ. ಅದಾದ ಮೇಲೆ ಬದಲಾದದ್ದನ್ನು ಮಾತ್ರ ಹೊಸ ಮರಿ ಫೈಲಿನಲ್ಲಿ ಬರೆಯುತ್ತಾ ಹೋಗುತ್ತದೆ. ಮರಿ ಫೈಲಿಗೆ ತಾಯಿ ಫೈಲ್ ಬೇಕೇ ಬೇಕು. ತಾಯಿ ಯಾರು ಅಂತ ಅದು ಗುರುತಿಸುವುದು ಫೈಲಿನ ಹೆಸರಿನಿಂದಲ್ಲ, ಒಳಗೆ ಬರೆದಿಟ್ಟ ಯುಯುಐಡಿ ಎಂಬ ಗುರುತಿನ ಸಂಖ್ಯೆಯಿಂದ. ಈಗ ನೀವು ಮೂಲ ವಿಡಿಐ ಒಂದನ್ನೇ ಹೊಸ ವಿಎಂಗೆ ಹಾಕಿ ಬೂಟ್ ಮಾಡಿದಿರಿ ಅನ್ನಿ. ಉಬುಂಟು ಖುಷಿಯಾಗಿ ಏಳುತ್ತದೆ, ಅದರಲ್ಲಿ ಬರೆಯಲೂ ಶುರು ಮಾಡುತ್ತದೆ. ಹಿಂದಿನ ಪುಟದ ಲೆಕ್ಕವನ್ನು ತಿದ್ದಿದ ಹಾಗಾಯಿತು. ಮುಂದಿನ ಪುಟಗಳು ಇನ್ನು ತಾಳೆಯಾಗುವುದಿಲ್ಲ.

ಇಷ್ಟು ಗಟ್ಟಿಯಾಗಿ ಹೇಳುತ್ತಿರುವುದು ಸುಮ್ನೆ ಅಲ್ಲ. ಕೆಲವು ವರ್ಷಗಳ ಹಿಂದೆ ನಾನು ಇದೇ ಹಳ್ಳಕ್ಕೆ ಬಿದ್ದವನು. ಹೊಸ ವಿಎಂಗೆ ವಿಡಿಐ ಸೇರಿಸಲು ಹೋದಾಗ, ಇದೇ ಯುಯುಐಡಿಯ ಡಿಸ್ಕ್ ಆಗಲೇ ಪಟ್ಟಿಯಲ್ಲಿದೆ ಅಂತ ಎರರ್ ಬಂತು. ಹುಡುಕಿದೆ. ಯುಯುಐಡಿ ಬದಲಿಸುವ ಒಂದು ಸಾಲಿನ ಕಮಾಂಡ್ ಸಿಕ್ಕಿತು. ಹಿಂದೆ ಮುಂದೆ ನೋಡದೆ ಹೊಡೆದೆ. ವಿಎಂ ಎದ್ದಿತು. ಆದರೆ ಡೆಸ್ಕ್‌ಟಾಪಿನಲ್ಲಿ ನಾಲ್ಕು ತಿಂಗಳ ಹಿಂದಿನ ಫೈಲ್‌ಗಳು! ನಡುವಿನ ಕೆಲಸ ಅಳಿಸಿಹೋಗಿದೆ ಅಂದುಕೊಂಡು, ಹೋಗಲಿ ಅಂತ ಅಪ್‌ಡೇಟ್ ಹಾಕಿದೆ, ಬೇಕಾದ ಪ್ಯಾಕೇಜ್‌ಗಳನ್ನು ಮತ್ತೆ ಇನ್‌ಸ್ಟಾಲ್ ಮಾಡಿದೆ. ಸ್ನ್ಯಾಪ್‌ಶಾಟ್ಸ್ ಫೋಲ್ಡರ್ ಕಣ್ಣಿಗೆ ಬಿದ್ದದ್ದು ಮಾರನೆಯ ದಿನ. ನಾಲ್ಕು ತಿಂಗಳ ಕೆಲಸ ಅಲ್ಲೇ ಕೂತಿತ್ತು, 11 ಜಿಬಿ. ಹಳೆಯ ಯುಯುಐಡಿ ವಾಪಸ್ ಕೊಟ್ಟು ಎರಡನ್ನೂ ಜೋಡಿಸಿದೆ. ಆದರೆ ತಾಯಿ ಡಿಸ್ಕಿನ ಮೇಲೆ ಅಷ್ಟು ಹೊತ್ತಿಗೆ ಏನೇನೋ ಬರೆದಾಗಿತ್ತು. ಫೈಲ್ ಸಿಸ್ಟಮ್ ಎಕ್ಕುಟ್ಟಿ ಹೋಗಿತ್ತು. ರಿಪೇರಿ ಮಾಡಿಸಿದರೆ ‘ಲಾಸ್ಟ್ ಪ್ಲಸ್ ಫೌಂಡ್’ ಫೋಲ್ಡರಿನಲ್ಲಿ ಹೆಸರೇ ಇಲ್ಲದ ನೂರಾರು ತುಣುಕುಗಳು ಬಿದ್ದಿದ್ದವು. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದರು ಅಂತಾರಲ್ಲ, ನಾನು ಹುಡುಕುವುದರ ಜೊತೆಗೆ ಕೂಸನ್ನು ಕೆಳಗೂ ಹಾಕಿದ್ದೆ.

ಸರಿ, ನಿಮ್ಮದಕ್ಕೆ ಬರೋಣ. ನಿಮ್ಮ ಫೈಲ್ ಕಳೆದಿಲ್ಲ, ವಿಳಾಸ ಬದಲಾಗಿದೆ ಅಷ್ಟೇ. ಸಿ ಡ್ರೈವಿನಲ್ಲಿ ಜಾಗ ಮಾಡಿಕೊಳ್ಳಲು ಆಗುವುದಾದರೆ ವಿಡಿಐಯನ್ನು ಮೊದಲಿದ್ದ ಫೋಲ್ಡರಿಗೇ, ಮೊದಲಿದ್ದ ಹೆಸರಿನಲ್ಲೇ ವಾಪಸ್ ಹಾಕಿ. ವಿಎಂ ಏಳುತ್ತದೆ. ಆಮೇಲೆ ಅದನ್ನು ಶಟ್‌ಡೌನ್ ಮಾಡಿ, ವಿಎಂ ಮೇಲೆ ರೈಟ್ ಕ್ಲಿಕ್ ಮಾಡಿ. ಈಚಿನ ಆವೃತ್ತಿಗಳಲ್ಲಿ ‘ಮೂವ್’ ಅಂತ ಇದೆ. ಡಿಗೆ ಸಾಗಿಸುವ ಕೆಲಸ ಅದಕ್ಕೇ ಬಿಡಿ. ವಿಳಾಸಗಳನ್ನು ಅದೇ ತಿದ್ದಿಕೊಳ್ಳುತ್ತದೆ.

ಸಿಯಲ್ಲಿ ಜಾಗವೇ ಇಲ್ಲ ಅಂದರೆ ತಿರುಗಿಸಿ ಮಾಡಿ. ವರ್ಚುವಲ್‌ಬಾಕ್ಸನ್ನು ಪೂರ್ತಿ ಮುಚ್ಚಿ. ಹಳೆಯ ಫೋಲ್ಡರಿನಲ್ಲಿ ಉಳಿದಿರುವ ಎಲ್ಲವನ್ನೂ, ಅಂದರೆ ವಿಬಾಕ್ಸ್ ಫೈಲ್ (ವಿಎಂನ ಸೆಟ್ಟಿಂಗ್ಸ್ ಇರುವ ಫೈಲ್), ಸ್ನ್ಯಾಪ್‌ಶಾಟ್ಸ್ ಫೋಲ್ಡರ್, ಲಾಗ್‌ಗಳು, ಎಲ್ಲ ಡಿ ಡ್ರೈವಿಗೆ ತಂದು ವಿಡಿಐ ಪಕ್ಕದಲ್ಲಿ ಹಾಕಿ. ಮತ್ತೆ ತೆರೆದರೆ ಆ ವಿಎಂ ಪಟ್ಟಿಯಲ್ಲಿ ‘ಇನ್‌ಆಕ್ಸೆಸಿಬಲ್’ ಅಂತ ಕಾಣುತ್ತದೆ. ಗಾಬರಿ ಬೇಡ. ಆ ಸಾಲನ್ನು ಪಟ್ಟಿಯಿಂದ ರಿಮೂವ್ ಮಾಡಿ. ಆಮೇಲೆ ಮಶೀನ್ ಮೆನುವಿನಲ್ಲಿ ‘ಆಡ್’ ಒತ್ತಿ ಡಿಯಲ್ಲಿರುವ ವಿಬಾಕ್ಸ್ ಫೈಲ್ ತೋರಿಸಿ. ಡಿಸ್ಕ್ ಫೈಲ್ ವಿಎಂನ ಫೋಲ್ಡರಿನಲ್ಲೇ ಇದ್ದರೆ ಅದರ ಪೂರ್ತಿ ವಿಳಾಸವನ್ನು ವರ್ಚುವಲ್‌ಬಾಕ್ಸ್ ಬರೆದುಕೊಳ್ಳುವುದಿಲ್ಲ, ಹೆಸರನ್ನಷ್ಟೇ ಬರೆದುಕೊಳ್ಳುತ್ತದೆ. ಹಾಗಾಗಿ ಫೋಲ್ಡರ್ ಇಡಿಯಾಗಿ ಎಲ್ಲಿಗೆ ಹೋದರೂ ಅದಕ್ಕೆ ತೊಂದರೆ ಇಲ್ಲ. ದಾರಿಯಲ್ಲಿ ಎಲ್ಲಾದರೂ ‘ಡಿಲೀಟ್ ಮಾಡಲಾ, ಕೀಪ್ ಮಾಡಲಾ’ ಅಂತ ಕೇಳಿದರೆ ಕೀಪ್. ಅದರಲ್ಲಿ ಎರಡನೆಯ ಯೋಚನೆಯೇ ಬೇಡ.

ಅನುಮಾನ ಇದ್ದರೆ ವಿಬಾಕ್ಸ್ ಫೈಲನ್ನು ನೋಟ್‌ಪ್ಯಾಡಿನಲ್ಲಿ ತೆರೆದು ನೋಡಿ. ಅದು ಬರೀ ಪಠ್ಯ. ಮೇಲ್ಗಡೆಯೇ ‘ಇದನ್ನು ತಿದ್ದಬೇಡಿ’ ಎಂಬ ಎಚ್ಚರಿಕೆ ಇರುತ್ತದೆ. ನೋಡುವುದಕ್ಕೇನೂ ಅಡ್ಡಿಯಿಲ್ಲ. ‘ಹಾರ್ಡ್‌ಡಿಸ್ಕ್’ ಎಂದು ಶುರುವಾಗುವ ಸಾಲು ಹುಡುಕಿ. ಅದರಲ್ಲಿ ಯುಯುಐಡಿ ಇರುತ್ತದೆ, ‘ಲೊಕೇಶನ್’ ಇರುತ್ತದೆ. ಒಂದು ಹಾರ್ಡ್‌ಡಿಸ್ಕ್ ಸಾಲಿನ ಒಳಗೆ ಇನ್ನೊಂದು ಹಾರ್ಡ್‌ಡಿಸ್ಕ್ ಸಾಲು ಕೂತಿದ್ದರೆ ಅದೇ ತಾಯಿ, ಮರಿ ಸಂಬಂಧ. ಹಾಗೆ ಕಂಡ ಪ್ರತಿಯೊಂದು ಫೈಲೂ ನಿಮ್ಮ ಹತ್ತಿರ ಇದೆಯಾ ಅಂತ ಒಂದೊಂದಾಗಿ ತಾಳೆ ನೋಡಿ. ವಿಬಾಕ್ಸ್ ಫೈಲೇ ಕೆಟ್ಟಿದ್ದರೆ, ಪಕ್ಕದಲ್ಲಿ ಅದೇ ಹೆಸರಿಗೆ ‘ಪ್ರೀವ್’ ಬಾಲ ಇರುವ ಇನ್ನೊಂದು ಫೈಲ್ ಇರುತ್ತದೆ. ಅದು ಹಿಂದಿನ ಪ್ರತಿ. ಬಾಲ ತೆಗೆದರೆ ಕೆಲಸಕ್ಕೆ ಬರುತ್ತದೆ.

ಈ ಪ್ರಶ್ನೆ ನೋಡಿ ಬರುವ ಬೇರೆಯವರಿಗೆ ಒಂದೆರಡು ಮಾತು. ಎರರ್‌ನಲ್ಲಿರುವ ಫೈಲಿನ ಹೆಸರನ್ನು ಕೊನೆಯ ಅಕ್ಷರದವರೆಗೂ ಓದಿ. ಐಎಸ್ಓ ಅಂತ ಮುಗಿದಿದ್ದರೆ ಕಳೆದುಹೋಗಿರುವುದು ನಿಮ್ಮ ಡಿಸ್ಕೇ ಅಲ್ಲ. ಡೌನ್‌ಲೋಡ್ಸ್ ಫೋಲ್ಡರ್ ಗುಡಿಸುವಾಗ ಉಬುಂಟು ಹಾಕಲು ಬಳಸಿದ್ದ ಐಎಸ್ಓ ಅಳಿಸಿದ್ದೀರಿ, ಅಷ್ಟೇ. ಸೆಟ್ಟಿಂಗ್ಸ್‌ನಲ್ಲಿ ಸ್ಟೋರೇಜ್‌ಗೆ ಹೋಗಿ ಸಿಡಿ ಡ್ರೈವ್ ಖಾಲಿ ಮಾಡಿದರೆ ಮುಗಿಯಿತು. ಹೊರಗಿನ ಹಾರ್ಡ್‌ಡಿಸ್ಕಿನಲ್ಲಿ ವಿಎಂ ಇಟ್ಟವರು ಡ್ರೈವಿನ ಅಕ್ಷರ ನೋಡಿ. ನಿನ್ನೆ ಇ ಆಗಿದ್ದದ್ದು ಇವತ್ತು ಎಫ್ ಆಗಿರಬಹುದು. ಡಿಸ್ಕ್ ಮ್ಯಾನೇಜ್‌ಮೆಂಟಿನಲ್ಲಿ ಅದನ್ನು ವಾಪಸ್ ಇ ಮಾಡಿ.

ನಿಜವಾಗಿಯೂ ಡಿಲೀಟ್ ಆಗಿದ್ದರೆ ಕಷ್ಟ ಜಾಸ್ತಿ. ದೊಡ್ಡ ಫೈಲ್‌ಗಳು ರೀಸೈಕಲ್ ಬಿನ್ನಿನಲ್ಲಿ ಹಿಡಿಸದೆ ನೇರವಾಗಿ ಅಳಿಸಿಹೋಗುತ್ತವೆ. ಎಸ್‌ಎಸ್‌ಡಿ ಆದರೆ ಟ್ರಿಮ್ ಬೇರೆ ಇರುತ್ತದೆ, ಅಳಿಸಿದ ಜಾಗವನ್ನು ಅದು ಬೇಗನೆ ಚೊಕ್ಕ ಮಾಡಿಬಿಡುತ್ತದೆ. ರಿಕವರಿ ತಂತ್ರಾಂಶ ಹೆಸರಿಲ್ಲದ ದೊಡ್ಡ ಫೈಲ್ ಯಾವುದಾದರೂ ಎತ್ತಿಕೊಟ್ಟರೆ ಅದರ ಮೊದಲ ಸಾಲು ನೋಡಿ. ವಿಡಿಐ ಆಗಿದ್ದರೆ ‘ವರ್ಚುವಲ್‌ಬಾಕ್ಸ್ ಡಿಸ್ಕ್ ಇಮೇಜ್’ ಅಂತ ಇಂಗ್ಲಿಷಿನಲ್ಲಿ ಬರೆದಿರುತ್ತದೆ. ಲಿನಕ್ಸ್ ಮೇಲೆ ವಿಎಂ ಓಡಿಸುವವರಿಗೆ ಒಂದು ಅನುಕೂಲ ಉಂಟು. ವಿಎಂ ಇನ್ನೂ ಓಡುತ್ತಿರುವಾಗಲೇ ಫೈಲ್ ಅಳಿಸಿದ್ದರೆ, ವಿಎಂ ಅನ್ನು ಯಾವ ಕಾರಣಕ್ಕೂ ಮುಚ್ಚಬೇಡಿ, ‘ಪಾಜ್’ (Pause) ಒತ್ತಿ ತಡೆದಿಡಿ. ಪ್ರೋಗ್ರಾಂ ಹಿಡಿದುಕೊಂಡಿರುವ ತನಕ ಫೈಲ್ ಡಿಸ್ಕಿನಲ್ಲಿ ಜೀವಂತವಾಗಿರುತ್ತದೆ. ‘ಪ್ರಾಕ್’ ಫೋಲ್ಡರಿನಲ್ಲಿ ಆ ಪ್ರೋಸೆಸ್ಸಿನ ನಂಬರಿನೊಳಗಿನ ‘ಎಫ್‌ಡಿ’ ಫೋಲ್ಡರಿನಿಂದ ಅದನ್ನು ಬೇರೆ ಡಿಸ್ಕಿಗೆ ಕಾಪಿ ಮಾಡಿಕೊಳ್ಳಬಹುದು.

ಈಗ ನೀವು ಸ್ನ್ಯಾಪ್‌ಶಾಟ್ಸ್ ಫೋಲ್ಡರ್ ತೆರೆದು ಅಲ್ಲಿ ಏನಿದೆ ಅಂತ ಇಲ್ಲೇ ಕೆಳಗೆ ಬರೆಯಿರಿ. ಪ್ರತಿ ಫೈಲಿನ ಹೆಸರು, ಗಾತ್ರ, ಕೊನೆಯ ಸಲ ಬದಲಾದ ದಿನಾಂಕ ಮೂರೂ ಇರಲಿ. ಗೆಳೆಯರು ಹೇಳಿದ್ದನ್ನು ಆಗಲೇ ಮಾಡಿ ಒಮ್ಮೆ ಬೂಟ್ ಮಾಡಿಬಿಟ್ಟಿದ್ದರೆ ಅದನ್ನೂ ಮುಚ್ಚಿಡದೆ ಹೇಳಿ. ಆಗ ದಾರಿ ಬೇರೆ.