ಕ್ರೀಡಾ ಪ್ರಶ್ನೋತ್ತರ: ಕೊನೆಯ ರೇಸ್ ಮುಗಿಯಿತು, ಕೃತಜ್ಞತೆ ಹೇಳುವುದು ಹೇಗೆ?

ಪ್ರಶ್ನೆ: ಈ ವರ್ಷ ನನ್ನ ಹೈಸ್ಕೂಲ್ ಮುಗಿಯುತ್ತಿದೆ. ಶಾಲೆಯ ಗುಡ್ಡಗಾಡು ಓಟದ ತಂಡದಲ್ಲೂ ರಿಲೇ ತಂಡದಲ್ಲೂ ಇದ್ದೆ. ಬೀಳ್ಕೊಡುಗೆಯಲ್ಲಿ ಮೂರು ನಿಮಿಷ ಮಾತಾಡಬೇಕು. ಬರೆಯಲು ಕೂತರೆ ‘ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು’ ಎಂಬಲ್ಲಿಗೇ ನಿಂತುಬಿಡುತ್ತದೆ. ಜೊತೆಗಾರರು, ಕೋಚ್, ಅಪ್ಪ-ಅಮ್ಮ ಎಲ್ಲರನ್ನೂ ಹೇಗೆ ನೆನೆಯಲಿ?

ಉತ್ತರ: ‘ಎಲ್ಲರಿಗೂ’ ಎಂದು ಹೇಳಿದ ಧನ್ಯವಾದ ಯಾರ ಕೈಗೂ ಸಿಗುವುದಿಲ್ಲ. ಅವರು ಎಂಥವರು ಎಂದು ಬರೆಯುವುದನ್ನು ಬಿಟ್ಟು, ಅವರು ಏನು ಮಾಡಿದರು ಎಂದು ಬರೆಯಿರಿ. ತರಬೇತಿ ಡೈರಿ ಇದ್ದರೆ ಅದನ್ನು ಮುಂದಿಟ್ಟುಕೊಂಡು, ಪ್ರತಿ ಹೆಸರಿನ ಎದುರು ಒಂದೊಂದು ಕೆಲಸ ಗುರುತು ಹಾಕಿಕೊಳ್ಳಿ. ಸಾವಧಾನವಾಗಿ ಓದಿದರೆ ಮೂರು ನಿಮಿಷಕ್ಕೆ ಸುಮಾರು 250 ಪದ ಸಾಕು.

ಜೊತೆಗಾರರಿಂದಲೇ ನೋಡೋಣ. ಗುಡ್ಡಗಾಡು ಓಟದ ಎಷ್ಟೋ ಶಾಲಾ ಪಂದ್ಯಗಳಲ್ಲಿ ತಂಡದಿಂದ ಏಳು ಮಂದಿ ಓಡುತ್ತಾರೆ. ಮೊದಲು ಗುರಿ ಮುಟ್ಟಿದ ಐವರ ಸ್ಥಾನಗಳನ್ನಷ್ಟೇ ಕೂಡಿಸುತ್ತಾರೆ, ಕಡಿಮೆ ಮೊತ್ತದ ತಂಡ ಗೆಲ್ಲುತ್ತದೆ. ಆರನೆಯ, ಏಳನೆಯ ಓಟಗಾರರ ಅಂಕ ಲೆಕ್ಕಕ್ಕೆ ಬರುವುದಿಲ್ಲ. ಆದರೆ ಅವರು ಎದುರು ತಂಡದ ಐದನೆಯವರಿಗಿಂತ ಮುಂದೆ ಬಂದರೆ ಆ ತಂಡದ ಮೊತ್ತ ಅಷ್ಟಷ್ಟು ಏರುತ್ತದೆ. ಅಂಕಪಟ್ಟಿಯಲ್ಲಿ ಇದು ಎದ್ದು ಕಾಣುವುದಿಲ್ಲ, ಪ್ರಶಸ್ತಿ ಕೊಡುವಾಗ ಯಾರೂ ಹೇಳುವುದೂ ಇಲ್ಲ. ಹಳೆಯ ಫಲಿತಾಂಶದ ಹಾಳೆ ಹುಡುಕಿ ನೋಡಿ. ನಿಮ್ಮ ತಂಡ ಎರಡು ಮೂರು ಅಂಕದಲ್ಲಿ ಗೆದ್ದ ಪಂದ್ಯವಿದ್ದರೆ, ಅಲ್ಲಿ ಆರನೆಯವರು ಎಷ್ಟು ಮಂದಿಯನ್ನು ಹಿಂದಿಕ್ಕಿದ್ದರು ಎಂದು ಹೆಸರು ಹಿಡಿದು ಹೇಳಿ. ಸಭೆಯಲ್ಲಿ ಅದಕ್ಕಿಂತ ಬೆಲೆಯುಳ್ಳ ಮಾತು ಇನ್ನೊಂದಿರಲಾರದು.

ರಿಲೇಯಲ್ಲೂ ಹೀಗೆಯೇ. 4x100ರಲ್ಲಿ ಬ್ಯಾಟನ್ ತೆಗೆದುಕೊಳ್ಳುವವರು ಹಿಂತಿರುಗಿ ನೋಡುವುದಿಲ್ಲ. ಓಡಿಬರುವ ಜೊತೆಗಾರ್ತಿ ನೆಲದ ಗುರುತು ದಾಟಿದ ಕ್ಷಣ ಹೊರಟು, ಕೂಗು ಕೇಳಿದಾಗ ಕೈ ಹಿಂದಕ್ಕೆ ಚಾಚುತ್ತಾರೆ. 30 ಮೀಟರಿನ ವಲಯದೊಳಗೆ ಬ್ಯಾಟನ್ ಕೈ ಬದಲಾಗದಿದ್ದರೆ ತಂಡವೇ ಅನರ್ಹ. ಆ ಗುರುತನ್ನು ಒಂದೊಂದು ಹೆಜ್ಜೆ ಹಿಂದೆ ಮುಂದೆ ಸರಿಸುತ್ತಾ ನಿಮ್ಮೊಡನೆ ಸಂಜೆಗಟ್ಟಲೆ ಅಭ್ಯಾಸ ಮಾಡಿದವರು ಯಾರು? ಪ್ರತಿ ಪಂದ್ಯಕ್ಕೂ ಪೂರ್ತಿ ವಾರ್ಮ್‌ಅಪ್ ಮಾಡಿ, ಓಡದೆ ಬಟ್ಟೆ ಬ್ಯಾಗು ಕಾಯುತ್ತಾ ಕೂತ ಮೀಸಲು ಓಟಗಾರ್ತಿ ಯಾರು? ಆ ಹೆಸರುಗಳು ಭಾಷಣದಲ್ಲಿ ಬರಲೇಬೇಕು.

ಕೋಚ್ ವಿಷಯದಲ್ಲಿ ಅವರು ಓಡಿಸಿದ್ದನ್ನಷ್ಟೇ ನೆನೆಯಬೇಡಿ, ಓಡಬೇಡ ಎಂದು ನಿಲ್ಲಿಸಿದ್ದನ್ನೂ ನೆನೆಯಿರಿ. ಎಂಟು ಸಲ 400 ಮೀಟರ್ ಎಂದು ಹೇಳಿ, ಆರನೆಯದರಲ್ಲಿ ನಿಮ್ಮ ಸಮಯ ಕುಸಿದಾಗ ಇವತ್ತಿಗೆ ಸಾಕು ಎಂದಿರಬಹುದು. ಮುಂಗಾಲಿನ ಮೂಳೆಯಲ್ಲಿ ಒಂದೇ ಜಾಗ ಒತ್ತಿದರೆ ನೋವು ಎಂದಾಗ ವೈದ್ಯರಲ್ಲಿಗೆ ಕಳಿಸಿರಬಹುದು. ಅಂಥ ನೋವಿನ ಮೇಲೆ ಓಡುತ್ತಾ ಹೋದರೆ ಮೂಳೆಯಲ್ಲಿ ಸಣ್ಣ ಬಿರುಕು ಬಿಟ್ಟು, ಓಟವಿಲ್ಲದೆ ಆರರಿಂದ ಎಂಟು ವಾರ ಕೂರಬೇಕಾಗಬಹುದು. ಆ ದಿನ ನಿಮಗೆ ಸಿಟ್ಟು ಬಂದಿದ್ದರೆ ಅದನ್ನೂ ಸೇರಿಸಿ ಹೇಳಿ, ಕೋಚ್‌ಗೆ ಸಂತೋಷವೇ ಆಗುತ್ತದೆ. ಸ್ಟಾಪ್‌ವಾಚ್ ಹಿಡಿದು ಪ್ರತಿ 200 ಮೀಟರಿಗೆ ಸಮಯ ಕೂಗಿದ ಸಹಾಯಕರು, ಟ್ರ್ಯಾಕಿಗೆ ಗೆರೆ ಎಳೆದವರು ಸಾಮಾನ್ಯವಾಗಿ ಮರೆತುಹೋಗುವವರು. ಅವರಿಗೂ ಒಂದೊಂದು ವಾಕ್ಯ ಮೀಸಲಿಡಿ.

ಅಪ್ಪ-ಅಮ್ಮನ ಕೆಲಸ ಲೆಕ್ಕ ಹಾಕಿದರೆ ಮಾತ್ರ ಕಣ್ಣಿಗೆ ಬೀಳುತ್ತದೆ. ರೇಸಿಗೆ ಎರಡು ಮೂರು ಗಂಟೆ ಮೊದಲು ತಿಂದು ಮುಗಿಸಬೇಕು. ಬೆಳಿಗ್ಗೆ ಏಳಕ್ಕೆ ಓಟವೆಂದರೆ ನಾಲ್ಕಕ್ಕೇ ತಿಂಡಿ ಸಿದ್ಧವಿರಬೇಕು, ಮಾಡುವವರು ಅದಕ್ಕೂ ಮೊದಲು ಏಳಬೇಕು. ತರಬೇತಿ ಶೂಗಳ ಬಾಳಿಕೆ ಸುಮಾರು 500ರಿಂದ 800 ಕಿ.ಮೀ. ವಾರಕ್ಕೆ 40 ಕಿ.ಮೀ. ಓಡುವವರಿಗೆ ಮೂರರಿಂದ ಐದು ತಿಂಗಳಿಗೊಂದು ಜೊತೆ. ಹೈಸ್ಕೂಲಿನ ಇಷ್ಟೂ ವರ್ಷಕ್ಕೆ ಎಷ್ಟಾಯಿತು? ಆ ಸಂಖ್ಯೆಯನ್ನೇ ಓದಿ ಹೇಳಿ.

ಎಡವುವುದು ಎಲ್ಲಿ ಎಂದರೆ, ಹೆಚ್ಚಿನವರು ಅಪ್ಪ-ಅಮ್ಮನನ್ನು ಕೊನೆಗೆ ಇಟ್ಟುಕೊಳ್ಳುತ್ತಾರೆ. ಅಷ್ಟು ಹೊತ್ತಿಗೆ ಸಮಯ ಮೀರಿರುತ್ತದೆ, ಗಂಟಲೂ ಕಟ್ಟಿರುತ್ತದೆ, ಅವರ ಪಾಲಿಗೆ ಅರ್ಧ ವಾಕ್ಯ ಉಳಿಯುತ್ತದೆ. ಅವರನ್ನೇ ಮೊದಲು ಹೇಳಿಬಿಡಿ. ಹೆಸರುಗಳನ್ನು ನೆನಪಿನಿಂದ ಹೇಳದೆ ಪಂದ್ಯಕ್ಕೆ ಕಳಿಸಿದ ಹೆಸರುಪಟ್ಟಿಯೊಂದಿಗೆ ತಾಳೆ ನೋಡಿ. ಕಾಗದದ ಒಂದೇ ಬದಿಗೆ ದಪ್ಪಕ್ಷರದಲ್ಲಿ, ಸಾಲುಗಳ ನಡುವೆ ಜಾಗ ಬಿಟ್ಟು ಬರೆಯಿರಿ. ಇನ್ನೊಂದು ಪ್ರತಿ ಗೆಳತಿಯ ಕೈಯಲ್ಲಿರಲಿ, ಅಳು ಬಂದರೆ ಅವರು ಓದಿ ಮುಗಿಸುತ್ತಾರೆ. ಜೊತೆಗಾರರ ಗಾಯ, ತೂಕ, ಸೋಲಿನ ವಿಷಯವನ್ನು ಮಾತ್ರ ಅವರ ಒಪ್ಪಿಗೆ ಇಲ್ಲದೆ ಎತ್ತಬೇಡಿ.

ಪ್ರಶ್ನೆ: ಕೊನೆಯ ರಿಲೇ ತಂಡದಿಂದ ಕೋಚ್ ನನ್ನನ್ನು ಕೈಬಿಟ್ಟರು. ಆ ನೋವು ಹೋಗಿಲ್ಲ. ವೇದಿಕೆಯಲ್ಲಿ ಸುಳ್ಳು ಹೊಗಳಿಕೆ ಹೇಳಲು ಮನಸ್ಸಿಲ್ಲ. ಏನು ಮಾಡಲಿ?

ಉತ್ತರ: ಹೇಳಬೇಡಿ. ಅವರಿಂದ ನಿಜವಾಗಿ ಕಲಿತ ಒಂದು ಸಂಗತಿ ಇದ್ದೇ ಇರುತ್ತದೆ: ತಿರುವಿನಲ್ಲಿ ಓಡುವ ಕ್ರಮ, ಮೊದಲ ಲ್ಯಾಪಿನಲ್ಲಿ ವೇಗ ತಡೆದುಕೊಳ್ಳುವುದು, ಏನಾದರೂ. ಅದಕ್ಕೆ ಮಾತ್ರ ಕೃತಜ್ಞತೆ ಹೇಳಿ, ಎರಡು ವಾಕ್ಯ ಸಾಕು. ರಿಲೇ ವಿಷಯವನ್ನು ಬೇರೆ ದಿನ ಎದುರು ಕೂತು ಕೇಳಿ. ‘ಯಾಕೆ ಕೈಬಿಟ್ಟಿರಿ’ ಎನ್ನುವುದಕ್ಕಿಂತ ‘ನಾನು ಯಾವುದರಲ್ಲಿ ಹಿಂದಿದ್ದೆ ಸರ್’ ಎಂದು ಕೇಳಿದರೆ ಉತ್ತರ ಸಿಗುವ ಸಾಧ್ಯತೆ ಹೆಚ್ಚು. ಬ್ಯಾಟನ್ ಇಲ್ಲದ ಬರಿಯ ಓಟದಲ್ಲಿ ವೇಗವಿದ್ದರೂ ಬ್ಯಾಟನ್ ಬದಲಾವಣೆಯಲ್ಲಿ ಸಮಯ ಕಳೆಯುವವರನ್ನು ಕೋಚ್‌ಗಳು ಬಿಡುವುದುಂಟು. ಕಾರಣ ಅದೇ ಆಗಿದ್ದರೆ, ಮುಂದಿನ ತಂಡಕ್ಕೆ ಹೋಗುವ ಮೊದಲೇ ತಿಳಿದಿರುವುದು ನಿಮಗೇ ಒಳ್ಳೆಯದು.

ಪ್ರಶ್ನೆ: ನನ್ನ ಶೂಗಳನ್ನು ತಂಡದ ಕಿರಿಯರಿಗೆ ಕೊಟ್ಟು ಹೋಗಬೇಕೆಂದಿದ್ದೇನೆ. ಕೊಡಬಹುದೇ?

ಉತ್ತರ: ಸ್ಪೈಕ್ಸ್, ಅಂದರೆ ಅಡಿಯಲ್ಲಿ ಮೊಳೆಯಿರುವ ರೇಸ್ ಶೂ, ಕೊಡಬಹುದು; ಅಳತೆ ಸರಿಹೊಂದಬೇಕು, ಅಡಿ ಬಾಗಿರಬಾರದು. ಮೊಳೆಗಳನ್ನು ಬಿಚ್ಚಿ ಹೊಸದು ಹಾಕಿಸಿ. ಸಿಂಥೆಟಿಕ್ ಟ್ರ್ಯಾಕಿನ ಓಟಕ್ಕೆ ಮೊಳೆ 9 ಮಿ.ಮೀ.ಗಿಂತ ಉದ್ದವಿರುವಂತಿಲ್ಲ, ಎಷ್ಟೋ ಟ್ರ್ಯಾಕ್‌ಗಳಲ್ಲಿ ಅದಕ್ಕಿಂತ ಗಿಡ್ಡವನ್ನೇ ಕೇಳುತ್ತಾರೆ. ಓಡಿ ಸವೆದ ತರಬೇತಿ ಶೂ ಮಾತ್ರ ಬೇಡ. ಮೇಲೆ ಚೆನ್ನಾಗಿ ಕಂಡರೂ ಒಳಗಿನ ಮೆತ್ತೆ ಕುಸಿದು ನಿಮ್ಮ ಪಾದದ ಒತ್ತಡಕ್ಕೆ ತಕ್ಕಂತೆ ಕೂತಿರುತ್ತದೆ, ಇನ್ನೊಬ್ಬರ ಕಾಲಿಗೆ ನೋವು ತರುತ್ತದೆ. ಶೂಗಿಂತಲೂ ಉಪಯೋಗದ ವಸ್ತು ನಿಮ್ಮ ಡೈರಿ. ದಿನಾಂಕ, ದೂರ, ಸಮಯ, ಎಲ್ಲಿ ನೋವು ಬಂತು ಎಂಬ ಪುಟಗಳ ನಕಲು ತೆಗೆದು ಕೊಡಿ. ಆದರೆ ಮೊದಲ ಪುಟದಲ್ಲೇ ನಿಮ್ಮ ವಯಸ್ಸು, ಓಟ ಶುರುಮಾಡಿ ಎಷ್ಟು ವರ್ಷವಾಗಿತ್ತು ಎಂದು ಬರೆದಿಡಿ, ಕೋಚ್‌ಗೂ ತೋರಿಸಿ. ಇಲ್ಲದಿದ್ದರೆ ಹದಿಮೂರರ ಹುಡುಗಿ ನಿಮ್ಮ ಕೊನೆಯ ವರ್ಷದ ತರಬೇತಿಯನ್ನೇ ಮೊದಲ ವಾರದಲ್ಲಿ ಓಡಲು ಹೊರಟಾಳು.