ಏಳು ಭಾಷೆಯ ನಾಡಿನಲ್ಲಿ ಎಂಟನೆಯ ಭಾಷೆ

(ಬದಿಯಡ್ಕ ಸಮೀಪದ ನಿವೃತ್ತ ಅಧ್ಯಾಪಕರೊಬ್ಬರು ಪತ್ರ ಬರೆದಿದ್ದಾರೆ. ಹೆಸರು ಪ್ರಕಟಿಸುವುದು ಬೇಡವೆಂದಿದ್ದಾರೆ. ಕನ್ನಡ ಮಾಧ್ಯಮದಲ್ಲಿ ಓದಿ ಈ ವರ್ಷ ಪ್ಲಸ್ ಟು ಮುಗಿಸಿದ ಅವರ ಮೊಮ್ಮಗಳು, ವಿದೇಶೀ ಭಾಷೆಗಳನ್ನು ಕಲಿಸುವ ವಿಶ್ವವಿದ್ಯಾಲಯಕ್ಕೆ ಸೇರಿ ಜಪಾನಿ ಓದುತ್ತೇನೆಂದು ಹಟ ಹಿಡಿದಿದ್ದಾಳೆ. ದುಬೈಯಲ್ಲಿರುವ ಸೋದರಮಾವ ಅರಬಿ ಕಲಿ ಎನ್ನುತ್ತಾನೆ. ನರ್ಸಿಂಗ್ ಮಾಡಿ ಜೊತೆಗೆ ಜರ್ಮನ್ ಕಲಿತರೆ ಸಾಕೆಂದು ನೆರೆಮನೆಯವರ ಸಲಹೆ. ಅಜ್ಜನ ಆತಂಕವೇ ಬೇರೆ: ಹುಡುಗಿ ಕನ್ನಡದಿಂದ ದೂರವಾದಾಳೇ? ಮಂಜೇಶ್ವರದ ಗೋವಿಂದ ಪೈಗಳು ಮನೆಯಲ್ಲೇ ಕುಳಿತು ಅಷ್ಟೊಂದು ಭಾಷೆ ಕಲಿಯಲಿಲ್ಲವೇ? ಸಪ್ತಭಾಷಾ ಸಂಗಮಭೂಮಿಯಾದ ಕಾಸರಗೋಡಿನಲ್ಲೇ ಒಂದು ವಿಶ್ವಭಾಷಾ ವಿಶ್ವವಿದ್ಯಾಲಯ ಯಾಕಾಗಬಾರದು? ಸರ್ಕಾರಕ್ಕೆ ಸಲ್ಲಿಸುವ ಮನವಿಯ ಕರಡೊಂದನ್ನು ಲಗತ್ತಿಸಿ, ಅದನ್ನು ಪ್ರಕಟಿಸಬೇಕೆಂದೂ ಕೇಳಿದ್ದಾರೆ.)

ಮಾಸ್ತರರೇ,

ನಮಸ್ಕಾರ. ನಿಮ್ಮದು ಒಂದು ಲಕೋಟೆಯೊಳಗಿನ ಎರಡು ಪತ್ರ. ಒಂದು ಮೊಮ್ಮಗಳ ಕುರಿತಾದದ್ದು, ಇನ್ನೊಂದು ಜಿಲ್ಲೆಯ ಕುರಿತಾದದ್ದು. ಮೊದಲನೆಯದಕ್ಕೆ ಉತ್ತರ ಸುಲಭ: ಕಳುಹಿಸಿ. ಎರಡನೆಯದರಲ್ಲಿ ನಿಮ್ಮೊಂದಿಗೆ ನನಗೆ ಸ್ವಲ್ಪ ಜಗಳವಿದೆ.

ಭಾಷಾ ವಿಶ್ವವಿದ್ಯಾಲಯವೆಂದರೆ ದೊಡ್ಡ ಕಟ್ಟಡದಲ್ಲಿ ನಡೆಯುವ ಸ್ಪೋಕನ್ ಕ್ಲಾಸು ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಮಾತನಾಡಲು ಕಲಿಸುವುದು ಅಲ್ಲಿನ ಕೆಲಸದ ಮೊದಲ ಭಾಗ ಮಾತ್ರ. ಲಿಪಿ, ಉಚ್ಚಾರಣೆ, ವ್ಯಾಕರಣ ಒಂದು ಹದಕ್ಕೆ ಬಂದ ಮೇಲೆ ಆ ಜನರ ಚರಿತ್ರೆ, ಸಾಹಿತ್ಯ, ಧರ್ಮ, ರಾಜಕೀಯ, ಭಾಷಾವಿಜ್ಞಾನ, ಅನುವಾದ ಇವೆಲ್ಲ ಬರುತ್ತವೆ. ಮೊಮ್ಮಗಳು ಆರಿಸಿಕೊಂಡ ಜಪಾನಿಯಲ್ಲಿ ಆ ಮೊದಲ ಭಾಗವೇ ಕಡಿದಾದದ್ದು. ಹಿರಗಾನ, ಕತಕಾನ ಎಂಬ ಎರಡು ಅಕ್ಷರಮಾಲೆಗಳಿವೆ, ಮೂಲಾಕ್ಷರಗಳು ತಲಾ 46. ಅದರ ಮೇಲೆ ಚೀನಾದಿಂದ ಬಂದ ಕಾಂಜಿ. ದಿನಬಳಕೆಗೆಂದು ಜಪಾನ್ ಸರ್ಕಾರ ಪಟ್ಟಿ ಮಾಡಿದ ಕಾಂಜಿಗಳೇ 2136 ಇವೆ. ಕಾಗುಣಿತ ಬಂದರೆ ಓದು ಬಂದಂತೆ ಎಂಬ ನಮ್ಮ ನೆಮ್ಮದಿ ಅಲ್ಲಿಲ್ಲ. ಇದನ್ನು ಅವಳಿಗೆ ಮೊದಲೇ ಹೇಳಿಬಿಡಿ.

ಇನ್ನೊಂದನ್ನೂ ಹೇಳಿ. 'ಅಂಗಡಿಗೆ ಹೋಗಿ ಹಾಲು ಕೊಂಡು ಬಂದೆ' ಎಂಬ ವಾಕ್ಯವನ್ನು ಜಪಾನಿಯಲ್ಲಿ ಹೇಳುವುದಾದರೆ 'ಮಿಸೆ ನಿ ಇತ್ತೆ, ಗ್ಯೂನ್ಯೂ ಓ ಕತ್ತೆ ಕಿತಾ'. ಮಿಸೆ ಎಂದರೆ ಅಂಗಡಿ, ಅದರ ಹಿಂದೆಯೇ ಬರುವ 'ನಿ' ನಮ್ಮ ಚತುರ್ಥಿಯ 'ಗೆ'. ಇತ್ತೆ ಎಂದರೆ ಹೋಗಿ. ಗ್ಯೂನ್ಯೂ ಹಾಲು, 'ಓ' ದ್ವಿತೀಯೆಯ 'ಅನ್ನು'. ಕತ್ತೆ ಎಂದರೆ ಕೊಂಡು, ಕಿತಾ ಎಂದರೆ ಬಂದೆ. ಒಂದು ಪದವನ್ನೂ ಅತ್ತಿತ್ತ ಸರಿಸಬೇಕಾಗಿಲ್ಲ. ಇಂಗ್ಲಿಷಿನ ಮೂಲಕ ಜಪಾನಿ ಕಲಿಯುವವನು ಈ ವಾಕ್ಯವನ್ನು ಬುಡಮೇಲು ಮಾಡಿಕೊಂಡೇ ಆಡಬೇಕು. ಕನ್ನಡದ ಹುಡುಗಿ ಮನೆಯಲ್ಲಿ ಹೇಳುವ ಕ್ರಮದಲ್ಲೇ ಹೇಳಬಹುದು. 'ಕಿತಾ' ಎಂಬುದು ಬಂದೆ, ಬಂದಳು, ಬಂದರು ಎಲ್ಲಕ್ಕೂ ಸಲ್ಲುತ್ತದೆ, ಪುರುಷಭೇದವಿಲ್ಲ. ಕ್ರಿಯಾಪದದ ಈ ಗುಣವನ್ನು ಶಿವಮೊಗ್ಗದ ಹುಡುಗಿ ಹೊಸದಾಗಿ ಕಲಿಯಬೇಕು. ಬದಿಯಡ್ಕದ ಹುಡುಗಿಗೆ ಬಸ್ಸಿನ ಕಂಡಕ್ಟರನೇ ಕಲಿಸಿದ್ದಾನೆ, ಮಲಯಾಳದ ಕ್ರಿಯಾಪದವೂ ಹಾಗೆಯೇ ಅಲ್ಲವೇ? ಹಿರಿಯರಿಗೊಂದು, ಕಿರಿಯರಿಗೊಂದು ಮಾತಿನ ಮಟ್ಟ ಇಟ್ಟುಕೊಳ್ಳುವುದಂತೂ ನಮಗೆ ಹುಟ್ಟಿನಿಂದಲೇ ಬಂದದ್ದು. ಕನ್ನಡ ಮಾಧ್ಯಮದವಳು ಹಿಂದೆ ಬಿದ್ದಾಳೆಂಬ ಅಳುಕನ್ನು ಜಪಾನಿಯ ಮಟ್ಟಿಗಾದರೂ ಬಿಟ್ಟುಬಿಡಿ.

ಸೋದರಮಾವನ ಸಲಹೆಯನ್ನು ತಳ್ಳಿಹಾಕುವಂತಿಲ್ಲ. ಕೇರಳದ ಶಾಲೆಗಳಲ್ಲಿ ಅರಬಿ ಒಂದು ಪಾಠವಾಗಿ ಎಷ್ಟೋ ಕಾಲದಿಂದ ಇದೆ, ಅಧ್ಯಾಪಕ ಹುದ್ದೆಗಳೂ ಇವೆ. ನೆರೆಮನೆಯವರ ಮಾತಿನಲ್ಲೂ ಹುರುಳಿದೆ. ಅನಿವಾಸಿ ಕೇರಳೀಯರಿಗಾಗಿ ಕೇರಳ ಸರ್ಕಾರ ನಡೆಸುವ ನೋರ್ಕಾ ಸಂಸ್ಥೆ 2021ರಲ್ಲಿ ಜರ್ಮನಿಯ ಉದ್ಯೋಗ ಇಲಾಖೆಯೊಂದಿಗೆ ಒಪ್ಪಂದ ಮಾಡಿಕೊಂಡ ಮೇಲೆ ದಾದಿಯರಿಗೆ ಒಂದು ದಾರಿ ತೆರೆದಿದೆ. ಬಿ1, ಬಿ2 ಎಂಬ ಮಾತುಗಳು ಈಗ ನಮ್ಮ ಮದುವೆ ಮನೆಯ ಪಂಕ್ತಿಯಲ್ಲೂ ಕೇಳಿಬರುತ್ತವೆ. ಅವು ಯುರೋಪಿನ ಭಾಷಾಮಟ್ಟದ ಆರು ಮೆಟ್ಟಿಲುಗಳಲ್ಲಿ ನಡುವಿನ ಎರಡು. ಎರಡು ವರ್ಷದಲ್ಲಿ ಸಂಬಳ ಕಾಣಬೇಕಾದ ಮನೆಯಾದರೆ ಅದೇ ಸರಿಯಾದ ದಾರಿ, ಅದರಲ್ಲಿ ಕೀಳೇನೂ ಇಲ್ಲ. ಆದರೆ ಆ ತರಗತಿಗಳು ಪರೀಕ್ಷೆ ದಾಟಿಸುವವರೆಗಿನ ಜವಾಬ್ದಾರಿ ಹೊರುತ್ತವೆ, ಮುಂದಿನದು ಅವುಗಳ ಕೆಲಸವಲ್ಲ. ಮೊಮ್ಮಗಳು ಕೇಳುತ್ತಿರುವುದು ಆ ಮುಂದಿನದನ್ನು. ನಿಮ್ಮ ಪತ್ರದಿಂದ ನನಗೆ ತಿಳಿದಂತೆ ಮನೆಯಲ್ಲಿ ಅಂಥ ಅವಸರವೂ ಇಲ್ಲ.

ಎಲ್ಲಿಗೆ ಸೇರಿಸುವುದು? ಹೈದರಾಬಾದಿನ ಇಂಗ್ಲಿಷ್ ಮತ್ತು ವಿದೇಶೀ ಭಾಷೆಗಳ ವಿಶ್ವವಿದ್ಯಾಲಯವನ್ನು ನೀವೇ ಹೆಸರಿಸಿದ್ದೀರಿ. ಅರಬಿ, ಫ್ರೆಂಚ್, ಜರ್ಮನ್, ರಷ್ಯನ್, ಸ್ಪ್ಯಾನಿಷ್‌ಗಳಿಗೆ ಅದು ಹೆಸರಾದದ್ದು. ಜಪಾನಿಯೇ ಬೇಕೆಂದರೆ ದೆಹಲಿಯ ಜವಾಹರಲಾಲ್ ನೆಹರೂ ವಿಶ್ವವಿದ್ಯಾಲಯದ ಭಾಷಾ ವಿಭಾಗವನ್ನೂ ನೋಡಿ. ಅಲ್ಲಿನ ಪದವಿ ತರಗತಿಯಲ್ಲಿ ಅಕ್ಷರದಿಂದಲೇ ಆರಂಭಿಸುತ್ತಾರೆ, ಭಾಷೆ ಮೊದಲೇ ತಿಳಿದಿರಬೇಕೆಂದಿಲ್ಲ. ಶಾಂತಿನಿಕೇತನವೂ ಇದೆ. ಅಲ್ಲಿ ಚೀನಾ ಭವನ ಶುರುವಾದದ್ದು 1937ರಲ್ಲಿ, ನಿಪ್ಪೋನ್ ಭವನ ಬಹಳ ಈಚಿನದು. ಕೇಂದ್ರೀಯ ವಿಶ್ವವಿದ್ಯಾಲಯಗಳ ಸಾಮಾನ್ಯ ಪ್ರವೇಶ ಪರೀಕ್ಷೆಯನ್ನು ಕನ್ನಡವೂ ಸೇರಿ 13 ಭಾಷೆಗಳಲ್ಲಿ ಬರೆಯಬಹುದು. ಯಾವ ಪದವಿಗೆ ಯಾವ ಪತ್ರಿಕೆ ಎಂಬುದು ವರ್ಷವರ್ಷ ಬದಲಾಗುವುದರಿಂದ ಆಯಾ ವಿಶ್ವವಿದ್ಯಾಲಯದ ಪ್ರಕಟಣೆಯನ್ನೇ ಓದಿ, ಪೇಟೆಯ ಕಂಪ್ಯೂಟರ್ ಅಂಗಡಿಯವರ ಮಾತನ್ನು ನಂಬಿ ಅರ್ಜಿ ತುಂಬಬೇಡಿ.

ಕನ್ನಡದಿಂದ ದೂರವಾಗುವ ಭಯಕ್ಕೆ ಹೈದರಾಬಾದಿನ ಆ ಸಂಸ್ಥೆಯ ಚರಿತ್ರೆಯಲ್ಲೇ ಉತ್ತರವಿದೆ. ಅದು 1958ರಲ್ಲಿ ಕೇಂದ್ರೀಯ ಇಂಗ್ಲಿಷ್ ಸಂಸ್ಥೆಯಾಗಿ ಹುಟ್ಟಿತು. 1972ರಲ್ಲಿ ವಿದೇಶೀ ಭಾಷೆಗಳು ಹೆಸರಿಗೆ ಸೇರಿದವು, 2007ರಲ್ಲಿ ಕೇಂದ್ರೀಯ ವಿಶ್ವವಿದ್ಯಾಲಯವಾಯಿತು. ಆರಂಭದ ವರ್ಷಗಳಲ್ಲಿ ಅದರ ನಿರ್ದೇಶಕರಾಗಿದ್ದವರು ಯಾರು ಗೊತ್ತೇ? ನಮ್ಮ ವಿನಾಯಕ ಕೃಷ್ಣ ಗೋಕಾಕರು. ದೇಶಕ್ಕೆಲ್ಲ ಇಂಗ್ಲಿಷ್ ಕಲಿಸುವವರನ್ನು ತಯಾರು ಮಾಡುವ ಸಂಸ್ಥೆಯನ್ನು ನಡೆಸಿದ ಅದೇ ಗೋಕಾಕರ ವರದಿ ಜಾರಿಯಾಗಲೆಂದು 1982ರಲ್ಲಿ ಕರ್ನಾಟಕ ಬೀದಿಗಿಳಿಯಿತು. ಇಂಗ್ಲಿಷ್ ಬೋಧಿಸಿದವರು ಶಾಲೆಯಲ್ಲಿ ಕನ್ನಡಕ್ಕೆ ಮೊದಲ ಸ್ಥಾನ ಕೇಳಿದರು, 'ಭಾರತ ಸಿಂಧು ರಶ್ಮಿ' ಬರೆದರು. ಪರಭಾಷೆಯನ್ನು ಆಳವಾಗಿ ಓದಿದವರು ಕನ್ನಡ ಬಿಟ್ಟದ್ದಕ್ಕಿಂತ ಅರೆಬರೆ ಕಲಿತವರು ಬಿಟ್ಟದ್ದೇ ಹೆಚ್ಚು ಎಂಬುದು ನನ್ನ ಅನಿಸಿಕೆ. ಸಂಪಾದಕನಾಗಿ ನನಗೊಂದು ಸ್ವಾರ್ಥವೂ ಇದೆ. ನಮ್ಮ ಮೇಜಿಗೆ ಬರುವ ಜಪಾನಿ ಕತೆ, ರಷ್ಯನ್ ಕತೆ, ಸ್ಪ್ಯಾನಿಷ್ ಕವಿತೆಗಳ ಅನುವಾದ ಸಾಮಾನ್ಯವಾಗಿ ಇಂಗ್ಲಿಷಿನ ದಾರಿಯಿಂದಲೇ ಬಂದಿರುತ್ತದೆ. ಮೂಲದಿಂದ ನೇರವಾಗಿ ತರಬಲ್ಲ ಒಬ್ಬಳು ಬದಿಯಡ್ಕದಿಂದ ಬಂದರೆ ಬೇಡವೇ?

ಗೋವಿಂದ ಪೈಗಳ ಮಾತಿಗೆ ಬರುತ್ತೇನೆ. ಜಪಾನಿನ ನೋ ನಾಟಕಗಳನ್ನು ಕನ್ನಡಕ್ಕೆ ತಂದವರು ಅವರು, ಆದ್ದರಿಂದ ನಿಮ್ಮ ಮೊಮ್ಮಗಳ ಹಟಕ್ಕೆ ಮಂಜೇಶ್ವರದಲ್ಲೇ ಒಂದು ಪೂರ್ವಪರಂಪರೆಯಿದೆ ಎನ್ನೋಣ. ಆದರೆ 'ಪೈಗಳು ಮನೆಯಲ್ಲೇ ಕಲಿತರು' ಎನ್ನುವಾಗ ಆ ಮನೆ ಎಂಥದೆಂಬುದನ್ನು ಮರೆಯುತ್ತೇವೆ. ಆಸ್ತಿವಂತ ಮನೆತನ, ಕೋಣೆ ತುಂಬುವ ಸ್ವಂತ ಗ್ರಂಥಭಂಡಾರ, ಹೊಟ್ಟೆಪಾಡಿಗೆ ಕಚೇರಿಗೆ ಹೋಗಬೇಕಾಗಿಲ್ಲದ ಬಿಡುವು. ಪ್ರತಿಭೆ ಅವರದೇ, ಅದರಲ್ಲಿ ಸಂಶಯವಿಲ್ಲ. ಉಳಿದ ಮೂರೂ ಇಲ್ಲದ ಮನೆಯ ಮಕ್ಕಳಿಗೆ ಅವನ್ನು ಒದಗಿಸಲೆಂದೇ ಸಾರ್ವಜನಿಕ ವಿಶ್ವವಿದ್ಯಾಲಯಗಳಿರುವುದು. ಪೈಗಳ ಹೆಸರು ಹೇಳಿ ಒಬ್ಬಳು ಹುಡುಗಿಯನ್ನು ಮನೆಯಲ್ಲಿ ಕೂರಿಸುವುದು ಅವರಿಗೆ ಸಲ್ಲಿಸುವ ಗೌರವವಲ್ಲ.

ಇನ್ನು ಜಗಳ.

ವಿಶ್ವಭಾಷಾ ವಿಶ್ವವಿದ್ಯಾಲಯಗಳು ಹುಟ್ಟಿದ ಬಗೆಯನ್ನು ನೋಡಿ. ಪ್ಯಾರಿಸಿನ ಪೌರ್ವಾತ್ಯ ಭಾಷೆಗಳ ಶಾಲೆ 1795ರದು. ಕ್ರಾಂತಿಯ ಗದ್ದಲದ ನಡುವೆಯೂ ಫ್ರೆಂಚರು ಅರಬಿ, ತುರ್ಕಿ, ಪಾರಸಿ ಕಲಿಸಲು ಹೊರಟದ್ದು ವ್ಯಾಪಾರಕ್ಕೂ ರಾಯಭಾರಕ್ಕೂ ದುಭಾಷಿಗಳು ಬೇಕಾಗಿದ್ದರಿಂದ. ಇಂದು ಅಲ್ಲಿ ನೂರಕ್ಕೂ ಹೆಚ್ಚು ಭಾಷೆ ಕಲಿಸುತ್ತಾರೆ. ಟೋಕಿಯೊದ ವಿದೇಶೀ ಅಧ್ಯಯನಗಳ ವಿಶ್ವವಿದ್ಯಾಲಯ ತನ್ನ ಬೇರನ್ನು 1857ಕ್ಕೆ ಒಯ್ಯುತ್ತದೆ. ಅದಕ್ಕೆ ನಾಲ್ಕು ವರ್ಷ ಮೊದಲು ಅಮೆರಿಕದ ಯುದ್ಧನೌಕೆಗಳು ರೇವಿನಲ್ಲಿ ಬಂದು ನಿಂತಿದ್ದವು, ಪರದೇಶದ ಪುಸ್ತಕಗಳನ್ನು ಓದಬಲ್ಲವರು ಜಪಾನಿಗೆ ತುರ್ತಾಗಿ ಬೇಕಾಗಿದ್ದರು. ಲಂಡನ್ನಿನ ಪೌರ್ವಾತ್ಯ ಅಧ್ಯಯನಗಳ ಶಾಲೆ 1916ರದು, ಸಾಮ್ರಾಜ್ಯವನ್ನು ಆಳಲು ಹೊರಟವರಿಗಾಗಿ. ಉಜ್ಬೇಕಿಸ್ತಾನ 1991ರಲ್ಲಿ ಸ್ವತಂತ್ರವಾಗಿ ಮರುವರ್ಷವೇ ತಾಷ್ಕೆಂಟಿನಲ್ಲಿ ವಿಶ್ವಭಾಷೆಗಳ ವಿಶ್ವವಿದ್ಯಾಲಯ ಸ್ಥಾಪಿಸಿತು. ಇವುಗಳ ಉದ್ದೇಶ ಎಲ್ಲವೂ ಒಳ್ಳೆಯದೇ ಆಗಿರಲಿಲ್ಲ, ಆದರೆ ಇಂಥವರು ಇಂಥ ಕೆಲಸಕ್ಕೆ ಬೇಕು ಎಂಬ ಲೆಕ್ಕ ಎಲ್ಲದರ ಹಿಂದೆಯೂ ಇತ್ತು. ನಿಮ್ಮ ಕರಡಿನಲ್ಲಿ ನನಗೆ ಆ ಲೆಕ್ಕ ಕಾಣಲಿಲ್ಲ. 'ಏಳು ಭಾಷೆಗಳ ಪುಣ್ಯಭೂಮಿ' ಎಂಬ ಹೆಮ್ಮೆ ಮಾತ್ರ ಕಂಡಿತು.

ಆ ಏಳು ಭಾಷೆಯ ಲೆಕ್ಕವನ್ನೇ ತೆಗೆದುಕೊಳ್ಳಿ. ಕನ್ನಡ, ಮಲಯಾಳ, ತುಳು, ಕೊಂಕಣಿ, ಮರಾಠಿ, ಬ್ಯಾರಿ, ಉರ್ದು. ಉಪ್ಪಳದ ಪೇಟೆಯಲ್ಲಿ ಅರ್ಧ ಗಂಟೆ ನಿಂತರೆ ಇವುಗಳಲ್ಲಿ ನಾಲ್ಕೈದಾದರೂ ಕಿವಿಗೆ ಬೀಳುತ್ತವೆ. ಮೀನು ಕೊಳ್ಳುವಾಗ ತುಳು, ಬಟ್ಟೆಯಂಗಡಿಯಲ್ಲಿ ಬ್ಯಾರಿ, ಪಂಚಾಯತ್ ಕಚೇರಿಯಲ್ಲಿ ಮಲಯಾಳ ಎಂದು ನಾವು ಯೋಚಿಸದೆಯೇ ಹೊರಳುತ್ತೇವೆ. ಆಡುವುದು ಏಳು, ಸರಿ. ಓದುವುದು ಎಷ್ಟು? ಮಲಯಾಳ ಸಿನಿಮಾವನ್ನು ಒಂದು ಮಾತೂ ಬಿಡದೆ ಅರ್ಥಮಾಡಿಕೊಳ್ಳುವ ನಮ್ಮ ಕನ್ನಡಿಗರಲ್ಲಿ ಅನೇಕರು ಮಲಯಾಳದ ಒಂದು ಪುಟವನ್ನು ಓದಲಾರರು. ಇದಕ್ಕೆ ಕಾರಣವಿದೆ, ನೀವು ನನಗಿಂತ ಚೆನ್ನಾಗಿ ಬಲ್ಲಿರಿ. ಕಾಸರಗೋಡು ಕೇರಳಕ್ಕೆ ಸೇರಿದ 1956ರ ನವೆಂಬರ್ 1ರ ಗಾಯ ಒಣಗಿಲ್ಲ. 2017ರಲ್ಲಿ ಶಾಲೆಗಳಲ್ಲಿ ಮಲಯಾಳ ಕಡ್ಡಾಯವಾದಾಗ ನಾವು ಪ್ರತಿಭಟಿಸಿದೆವು, ನಮ್ಮ ಪತ್ರಿಕೆಯೂ ಬರೆಯಿತು. ಕನ್ನಡ ತಿಳಿಯದವರನ್ನು ಕನ್ನಡ ಶಾಲೆಗೆ ಅಧ್ಯಾಪಕರಾಗಿ ಕಳುಹಿಸಿದರೆ ಇನ್ನೂ ಪ್ರತಿಭಟಿಸುತ್ತೇವೆ. ಆದರೆ ಹೇರಿಕೆಯ ಮೇಲಿನ ಸಿಟ್ಟು ಲಿಪಿಯ ಮೇಲಿನ ಸಿಟ್ಟಾಗಿ ಬೆಳೆದದ್ದರಿಂದ ನಷ್ಟವಾದದ್ದು ನಮಗೇ. ಸರ್ಕಾರದ ಆದೇಶ ಮಲಯಾಳದಲ್ಲಿ ಬಂದರೆ ಅದರಲ್ಲಿ ಏನಿದೆಯೆಂದು ತಿಳಿಯಲು ಇನ್ನೊಬ್ಬರ ಮುಖ ನೋಡುತ್ತೇವೆ.

ನಮ್ಮ ಭಾಷೆಗಳನ್ನು ಓದುವ ಕೆಲಸವನ್ನು ಹೊರಗಿನವರು ಮಾಡಿಟ್ಟಿದ್ದಾರೆ. ಗುಂಡರ್ಟ್ ಅವರ ಮಲಯಾಳ ನಿಘಂಟು 1872ರದು, ಮೆನ್ನರ್ ಅವರ ತುಳು ನಿಘಂಟು 1886ರದು, ಕಿಟ್ಟೆಲ್ ಅವರ ಕನ್ನಡ ನಿಘಂಟು 1894ರದು. ಮೂರೂ ಮುದ್ರಣವಾದದ್ದು ಮಂಗಳೂರಿನ ಒಂದೇ ಬಾಸೆಲ್ ಮಿಷನ್ ಮುದ್ರಣಾಲಯದಲ್ಲಿ. ಕಾಸರಗೋಡಿನವರು ದಿನವೂ ಆಡುವ ಮೂರು ಭಾಷೆಗಳಿಗೆ, ಇಪ್ಪತ್ತೆರಡು ವರ್ಷಗಳ ಅಂತರದಲ್ಲಿ, ಐವತ್ತು ಕಿಲೋಮೀಟರ್ ದೂರದ ಊರಿನಲ್ಲಿ. ಅವರು ಬಂದದ್ದು ಮತಪ್ರಚಾರಕ್ಕೆ ಎಂಬುದು ನಿಜ, ನಿಘಂಟು ಉಳಿಯಿತು ಎಂಬುದೂ ನಿಜ. ಈಚೆಗೆ ಜರ್ಮನಿಯ ವ್ಯೂರ್ಟ್ಸ್‌ಬುರ್ಗ್ ವಿಶ್ವವಿದ್ಯಾಲಯದ ಹೈದ್ರುನ್ ಬ್ರೂಕ್ನರ್ ನಮ್ಮ ತುಳುವಿನ ಮೌಖಿಕ ಕಥನಗೀತೆಗಳಾದ ಪಾಡ್ದನಗಳ ಮೇಲೆ ಸಂಶೋಧನೆ ನಡೆಸಿದರು. ನಾವು ಇಲ್ಲಿ ಕುಳಿತು ಸಪ್ತಭಾಷೆಯ ಫಲಕ ಬರೆಸುತ್ತಿದ್ದೇವೆ.

ಹಾಗಾದರೆ ಜಿಲ್ಲೆಗೆ ಏನೂ ಬೇಡವೇ? ಬೇಕು. ಪೆರಿಯದಲ್ಲಿ 2009ರಿಂದ ಕೇಂದ್ರೀಯ ವಿಶ್ವವಿದ್ಯಾಲಯವಿದೆ, ಕನ್ನಡ, ಮಲಯಾಳ, ಹಿಂದಿ, ಇಂಗ್ಲಿಷ್ ಮತ್ತು ಭಾಷಾವಿಜ್ಞಾನದ ವಿಭಾಗಗಳಿವೆ. ಹೊಸ ವಿಶ್ವವಿದ್ಯಾಲಯದ ನೆಲ, ಕಟ್ಟಡ, ಕುಲಪತಿ ಎಂದು ಹತ್ತು ವರ್ಷ ಅಲೆಯುವುದಕ್ಕಿಂತ ಇರುವುದರೊಳಗೆ ಕೇಳುವುದು ಜಾಣತನ. ಕನ್ನಡ ಮತ್ತು ಮಲಯಾಳಗಳ ನಡುವೆ ಎರಡೂ ದಿಕ್ಕಿನಲ್ಲಿ ಆಡಳಿತ, ಕಾನೂನು, ವೈದ್ಯಕೀಯ ಬರಹಗಳನ್ನು ಅನುವಾದಿಸಬಲ್ಲವರನ್ನು ತಯಾರಿಸುವ ಒಂದು ಪದವಿ ಕೇಳಿ. ತುಳು, ಬ್ಯಾರಿ, ಜೊತೆಗೆ ಕರಾಡ ಮತ್ತು ಮರಾಟಿ ಸಮುದಾಯಗಳ ಮನೆಮಾತುಗಳನ್ನು ಧ್ವನಿಮುದ್ರಿಸಿ ವಿವರಿಸುವ ಸಂಶೋಧನಾ ಹುದ್ದೆಗಳನ್ನು ಕೇಳಿ, ಉರ್ದು ಮತ್ತು ಕೊಂಕಣಿಗಳಿಗಿರುವ ಬೆಂಬಲ ಇವಕ್ಕಿಲ್ಲ. ಗಲ್ಫಿಗೂ ಜರ್ಮನಿಗೂ ಹೋಗುವವರಿಗೆ ಸಂಜೆಯ ಸರ್ಟಿಫಿಕೇಟ್ ತರಗತಿಗಳನ್ನೂ ಕೇಳಬಹುದು. ಆಂಧ್ರದ ಕುಪ್ಪಂನಲ್ಲಿ 1997ರಿಂದ ದ್ರಾವಿಡ ವಿಶ್ವವಿದ್ಯಾಲಯವಿದೆ. ಕನ್ನಡ, ತಮಿಳು, ತೆಲುಗು, ಮಲಯಾಳಗಳನ್ನು ಒಂದೇ ಅಂಗಳದಲ್ಲಿ ಕೂರಿಸಿದ ಸಂಸ್ಥೆ ಅದು, ಮೂರು ರಾಜ್ಯಗಳ ಗಡಿ ಕೂಡುವ ಜಾಗದಲ್ಲಿ. ನಮ್ಮ ಗಡಿಯ ಮಕ್ಕಳಲ್ಲಿ ಎಷ್ಟು ಮಂದಿ ಅದರ ಹೆಸರು ಕೇಳಿದ್ದಾರೆ? ಹೊಸದನ್ನು ಬೇಡುವ ಮೊದಲು ಇರುವಲ್ಲಿಗೆ ನಾಲ್ಕು ಮಕ್ಕಳನ್ನು ಕಳುಹಿಸಿದರೆ ನಮ್ಮ ಬೇಡಿಕೆಗೂ ತೂಕ ಬಂದೀತು.

ಮೊಮ್ಮಗಳಿಗೆ ಪ್ರವೇಶ ಪರೀಕ್ಷೆಯವರೆಗೆ ಸಮಯವಿದೆ. ಜಪಾನಿಯ ಹಿರಗಾನವನ್ನು ಅವಳು ಈಗಲೇ ತಾನಾಗಿ ಕಲಿಯತೊಡಗಿದ್ದಾಳೆಂದು ಬರೆದಿದ್ದೀರಿ, ಸಂತೋಷ. ಅದರ ಜೊತೆಗೆ ದಿನಕ್ಕೊಂದು ಮಲಯಾಳ ಸಂಪಾದಕೀಯವನ್ನೂ ಓದಲಿ. ನೀವೂ ಪಕ್ಕದಲ್ಲಿ ಕುಳಿತುಕೊಳ್ಳಿ, ಕಲಿಸಿದವರಿಗೆ ಕಲಿಯುವುದು ಕಷ್ಟವಾಗದು.

ನಿಮ್ಮ ಮನವಿಯನ್ನು ಈಗಿರುವ ರೂಪದಲ್ಲಿ ಪ್ರಕಟಿಸಲಾರೆ. ಮೊದಲ ಎರಡು ಪುಟಗಳ ಹೊಗಳಿಕೆಯನ್ನು ತೆಗೆದು, ಮೇಲೆ ಹೇಳಿದ ಬೇಡಿಕೆಗಳಲ್ಲಿ ನಿಮಗೆ ಒಪ್ಪಿಗೆಯಾದವನ್ನು ಸೇರಿಸಿ ಕಳುಹಿಸಿ. ಮಲಯಾಳದ ಪ್ರತಿಯೊಂದನ್ನೂ ಜೊತೆಗಿಡಿ, ತಿರುವನಂತಪುರದಲ್ಲಿ ಓದುವವರಿಗೆ ಅದು ಬೇಕು. ಎರಡನ್ನೂ ಮುಂದಿನ ಸಂಚಿಕೆಯಲ್ಲಿ ಅಕ್ಕಪಕ್ಕದ ಪುಟಗಳಲ್ಲಿ ಹಾಕುತ್ತೇವೆ.

– ಸಂಪಾದಕ